ಷಡ್ಡಕನ ಕಾರಿನ ಸಪ್ಪಳ ಮತ್ತು ಅತ್ತೆಯ ಬಿಸಿರೊಟ್ಟಿ

ನನಗೆ ಬಿಪಿ ಇಲ್ಲ, ಶುಗರ್ ಇಲ್ಲ. ಐವತ್ತು ದಾಟಿದರೂ ಕನ್ನಡಕವಿಲ್ಲದೆ ಪೇಪರ್ ಓದುತ್ತೇನೆ. ಇರುವುದು ಒಂದೇ ಕಾಯಿಲೆ, ಹೊಟ್ಟೆಕಿಚ್ಚು. ಅದೂ ಎಲ್ಲರ ಮೇಲಲ್ಲ. ಮಂತ್ರಿಗಳ ಬಂಗಲೆ, ಸಾಹುಕಾರರ ತೋಟ ಕಂಡರೆ ನನಗೆ ಏನೂ ಆಗುವುದಿಲ್ಲ. ಬೇಕಾದರೆ ಇನ್ನೆರಡು ಮಾಡಿಕೊಳ್ಳಲಿ ಅನ್ನಿಸುತ್ತದೆ. ನನ್ನ ಹೊಟ್ಟೆ ಉರಿಯುವುದು ಒಬ್ಬನೇ ಒಬ್ಬನನ್ನು ಕಂಡರೆ: ನನ್ನ ಷಡ್ಡಕ ಶಿವಶರಣಪ್ಪ. ಹೆಂಡತಿಯ ತಂಗಿಯ ಗಂಡ ಎಂಬ ಸಂಬಂಧವನ್ನು ಯಾರು ಕಂಡುಹಿಡಿದರೋ ಕಾಣೆ. ತಕ್ಕಡಿಯ ಎರಡು ತಟ್ಟೆಯಲ್ಲಿ ಇಬ್ಬರು ಗಂಡಸರನ್ನು ಜೀವನಪೂರ್ತಿ ಕೂರಿಸಿಡುವ ಏರ್ಪಾಡು ಅದು.

ನಾನು ಚಿತ್ತಾಪುರದ ಗ್ರಂಥಾಲಯದಲ್ಲಿ ಕೆಲಸ ಮಾಡುವವನು. ‘ಮೌನವಾಗಿರಿ’ ಎಂಬ ಫಲಕದ ಕೆಳಗೆ ಇಪ್ಪತ್ತು ವರ್ಷ ಕೂತು ಕೂತು ನನ್ನ ಸೀನು ಕೂಡ ಮೆತ್ತಗಾಗಿದೆ. ಶಿವಶರಣಪ್ಪನದು ಶಹಾಬಾದದಲ್ಲಿ ಹಾಸುಗಲ್ಲು ಪಾಲಿಶ್ ಮಾಡುವ ಯಾರ್ಡು. ದಿನವಿಡೀ ಕಲ್ಲು ಕೊಯ್ಯುವ ಯಂತ್ರದ ಪಕ್ಕದಲ್ಲಿ ನಿಂತು ಮಾತಾಡಿದವನಿಗೆ ಪಿಸುಮಾತೆಂದರೇನು ಎಂದೇ ತಿಳಿಯದು. ಅಲ್ಲಿಗೂ ಸಹಿಸಿಕೊಂಡಿದ್ದೆ. ಹೋದ ವರ್ಷ ಅವನು ಹೈದರಾಬಾದಿನಿಂದ ಎರಡೇ ಬಾಗಿಲಿನ ಹಳದಿ ಸ್ಪೋರ್ಟ್ಸ್ ಕಾರು ತಂದ. ಸೆಕೆಂಡ್ ಹ್ಯಾಂಡು ಎಂದು ನಾನು ಎಲ್ಲರಿಗೂ ನೆನಪಿಸುತ್ತಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಂದ ಕಾರನ್ನು ಬಂದ ಹಾಗೇ ಓಡಿಸಿದನೇ? ಇಲ್ಲ. ಅದರ ಹೊಟ್ಟೆಯ ಕೆಳಗಿದ್ದ, ಹೊಗೆ ಸೋಸುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿ ತೆಗೆಸಿ, ಆ ಜಾಗಕ್ಕೆ ನೇರ ಕೊಳವೆ ಹಾಕಿಸಿದ. “ಈಗ ಇಂಜಿನ್ ಬಾಯಿ ತೆರೆದು ಉಸಿರಾಡ್ತದ ನೋಡ್ರಿ ಅಣ್ಣಾರ,” ಅಂದ. ಉಸಿರಾಟವಲ್ಲ ಅದು, ಗರ್ಜನೆ. ಹಿಂದೆ ಪೆಟ್ರೋಲಿನ ಘಾಟು ಬೇರೆ. ಅವನ ಹೆಂಡತಿ ಜಗದೇವಿಗೆ ಆ ವಾಸನೆಗೆ ತಲೆಶೂಲೆ ಬಂದು, ಗಂಡ ಕಾರಿನಲ್ಲಿ, ಹೆಂಡತಿ ಬಸ್ಸಿನಲ್ಲಿ ತವರಿಗೆ ಬರತೊಡಗಿದರು. ಇದು ನನಗೆ ಸ್ವಲ್ಪ ಸಮಾಧಾನ ಕೊಟ್ಟಿತೆಂದು ಒಪ್ಪಿಕೊಳ್ಳುತ್ತೇನೆ.

ಆದರೆ ಆ ಸಪ್ಪಳದಿಂದ ಅವನಿಗೆ ಸಿಕ್ಕ ಲಾಭ ನೋಡಿ. ನಮ್ಮ ಅತ್ತೆಯ ಮನೆ ಸೇಡಂ ತಾಲ್ಲೂಕಿನ ಆಡಕಿಯಲ್ಲಿ. ಸುತ್ತ ತೊಗರಿ ಹೊಲ, ತಡೆಯಲು ಗುಡ್ಡವಿಲ್ಲ, ಗಿಡವಿಲ್ಲ. ಹಳದಿ ಕಾರು ಊರಿಗೆ ತಿರುಗುವ ಕ್ರಾಸಿಗೆ ಬಂದರೆ ಸಾಕು, ಅಡುಗೆಮನೆಯಲ್ಲಿ ಅತ್ತೆಗೆ ಕೇಳಿಸುತ್ತದೆ. ಕೂಡಲೇ ಒಲೆ ಹೊತ್ತಿಸಿ ಹಂಚು ಇಡುತ್ತಾರೆ, ಜೋಳದ ಹಿಟ್ಟು ನಾದುತ್ತಾರೆ. ಅವನು ಬಂದು ಕಾಲು ತೊಳೆದು ಕುರ್ಚಿಯಲ್ಲಿ ಕೂರುವುದಕ್ಕೂ ಮೊದಲ ರೊಟ್ಟಿ ಉಬ್ಬುವುದಕ್ಕೂ ಸರಿಹೋಗುತ್ತದೆ. ಅದರ ಮೇಲೆ ಬೆಣ್ಣೆ, ಪಕ್ಕದಲ್ಲಿ ಪುಂಡಿಪಲ್ಯ.

ನನ್ನದು ಹಳೆಯ ಬಿಳಿ ಪುಟ್ಟ ಕಾರು. ಬಾಗಿಲಿಗೆ ಬಂದರೂ ನಾಯಿ ಕೂಡ ಕಣ್ಣು ತೆರೆಯುವುದಿಲ್ಲ. ನಾನು ಒಳಗೆ ಹೋಗಿ ಕೆಮ್ಮಿದ ಮೇಲೆಯೇ ಅತ್ತೆ ತಿರುಗಿ ನೋಡುವುದು. “ಬಸಣ್ಣ, ಬಂದ್ಯೇನಪ್ಪ? ರೊಟ್ಟಿ ಬುಟ್ಟ್ಯಾಗ ಅವ, ನೀನೇ ತಕ್ಕೊ,” ಅನ್ನುತ್ತಾರೆ. ಬುಟ್ಟಿಯಲ್ಲಿರುವುದು ವಾರದ ಹಿಂದೆ ಮಾಡಿ ಒಣಗಿಸಿಟ್ಟ ಖಡಕ್ ರೊಟ್ಟಿ. ಅವನಿಗೆ ‘ಬರ್ರಿ ಅಳಿಯಾಂದ್ರ, ಕುಂದ್ರಿ’. ಹಿರಿಯ ಅಳಿಯನಾದ ನನಗೆ ‘ತಕ್ಕೊ’. ಅಡುಗೆಮನೆಯ ನೆಲದ ಮೇಲೆ ಕೂತು, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಹಚ್ಚಿಕೊಂಡು ಕಟಂ ಕಟಂ ಎಂದು ಕಡಿಯುವಾಗ ನನ್ನ ಹಲ್ಲಿಗಿಂತ ಎದೆ ಹೆಚ್ಚು ನೋಯುತ್ತಿತ್ತು. ಒಮ್ಮೆ ತಾಳಲಾರದೆ ಹೆಂಡತಿ ಮಹಾದೇವಿಯ ಮುಂದೆ ಬಾಯಿಬಿಟ್ಟೆ. ಅವಳು ಅಕ್ಕಿ ಆರಿಸುತ್ತ, “ರೊಟ್ಟಿ ಸಲುವಾಗಿ ಅಳ್ಳಿಕತ್ತೀರೇನು?” ಅಂದಳು. ನಾನು ರೊಟ್ಟಿಗಾಗಿ ಅಲ್ಲ, ಮರ್ಯಾದೆಗಾಗಿ ಎಂದೆ. ಅವಳು ಅಕ್ಕಿಯಿಂದ ತಲೆ ಎತ್ತಲಿಲ್ಲ.

ಮರುವಾರ ವಾಡಿಯ ಗ್ಯಾರೇಜಿಗೆ ಹೋದೆ. ಮೇಸ್ತ್ರಿ ಖಾಜಾಭಾಯಿ ನನ್ನ ಕಾರನ್ನು ಹುಟ್ಟಿದಾಗಿನಿಂದ ಬಲ್ಲವರು. ನಾನೂ ಕನ್ವರ್ಟರ್ ತೆಗೆಸಬೇಕೆಂದಾಗ ಅವರು ಕಾರಿನ ಕೆಳಗಿನಿಂದ ಹೊರಬಂದು ನನ್ನ ಹಣೆ ಮುಟ್ಟಿ ನೋಡಿದರು.

“ಸಾಬ್, ಆ ಡಬ್ಬಿ ಹೊಗಿ ತೊಳಿತದ. ಒಳಗಿನ ಜಹರ್ ಹೊರಗ ಬರದಾಂಗ ನೋಡ್ಕೊಂತದ. ಅದನ್ನ ತಗದ್ರ ಹೊಗಿ ಸರ್ಟಿಫಿಕೇಟ್ ಸಿಗಂಗಿಲ್ಲ, ಪೊಲೀಸರು ಹಿಡಿದ್ರ ನನ್ನ ಹೆಸರು ಹೇಳಬ್ಯಾಡ್ರಿ. ಮತ್ತ ಇದು ಸ್ಪೋರ್ಟ್ಸ್ ಗಾಡಿ ಅಲ್ಲ. ಇದಕ್ಕ ಪೈಪ್ ಹಾಕಿದ್ರ ಹುಲಿ ಆಗಂಗಿಲ್ಲ.”

“ಹುಲಿ ಬೇಡ ಖಾಜಾಭಾಯಿ. ಆಡಕಿ ಕ್ರಾಸಿನಿಂದ ಅಡುಗೆಮನೆಗೆ ಕೇಳಿಸಿದರೆ ಸಾಕು,” ಎಂದೆ.

ಅವರು ನಿಟ್ಟುಸಿರು ಬಿಟ್ಟು ಕನ್ವರ್ಟರನ್ನೂ ಸೈಲೆನ್ಸರನ್ನೂ ಬಿಚ್ಚಿದರು. ಆ ಕನ್ವರ್ಟರನ್ನು ನಾನು ಕೈಯಲ್ಲಿ ಹಿಡಿದು ನೋಡಿದೆ. ಇಷ್ಟು ವರ್ಷ ಎಲ್ಲ ಹೊಲಸನ್ನೂ ತಾನೇ ನುಂಗಿಕೊಂಡು ಸುಮ್ಮನಿದ್ದ ವಸ್ತು. ನನ್ನೊಳಗೂ ಒಂದು ಇದ್ದಿದ್ದರೆ ನಾನು ವಾಡಿಗೆ ಬರುತ್ತಲೇ ಇರಲಿಲ್ಲ.

ಖಾಜಾಭಾಯಿ ಹೇಳಿದ್ದು ಸುಳ್ಳಾಗಲಿಲ್ಲ. ಕಾರು ಹುಲಿಯಾಗಲಿಲ್ಲ, ಹಿಟ್ಟಿನ ಗಿರಣಿಯಾಯಿತು. ಮೀಟರಿನಲ್ಲಿ ಹಳದಿ ದೀಪವೊಂದು ಹತ್ತಿಕೊಂಡದ್ದು ಆರಲೇ ಇಲ್ಲ. ಮರುದಿನ ನಾನು ಗ್ರಂಥಾಲಯದ ಮುಂದೆ ಕಾರು ನಿಲ್ಲಿಸಿದಾಗ ಒಳಗಿದ್ದ ಓದುಗರೆಲ್ಲ ಕಿಟಕಿಗೆ ಬಂದಿದ್ದರು. ದಿನಾ ಮೂರು ಪೇಪರ್ ಮುಗಿಸುವ ನಿವೃತ್ತ ತಲಾಟಿ ಚಂದ್ರಶಾ ಅವರು, ನಾನು ಒಳಗೆ ಬಂದು ಕೂತ ಮೇಲೆ, ನನ್ನ ತಲೆಯ ಮೇಲಿದ್ದ ಫಲಕಕ್ಕೆ ಬೆರಳು ತೋರಿಸಿ ಮತ್ತೆ ಪೇಪರಿನಲ್ಲಿ ಮುಳುಗಿದರು.

ಭಾನುವಾರ ಆಡಕಿಗೆ ಹೊರಟೆ. ಮಹಾದೇವಿ ಸೆರಗಿನಿಂದ ಕಿವಿ ಮೂಗು ಎರಡನ್ನೂ ಮುಚ್ಚಿಕೊಂಡು ಪಕ್ಕದಲ್ಲಿ ಕೂತಳು. ಕ್ರಾಸಿಗೆ ಬಂದದ್ದೇ ನಾನು ಬೇಕೆಂದೇ ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದೆ. ಊರ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಜೋಳದ ಡಬ್ಬಿ ಹೊತ್ತು ಲಗುಬಗೆಯಿಂದ ಬರುತ್ತಿದ್ದಳು. “ಗಿರಣಿ ಶುರು ಆಯ್ತೇನ್ರಿ?” ಎಂದು ನನ್ನನ್ನೇ ಕೇಳಿದಳು. ನನಗೆ ಅದೂ ಹೊಗಳಿಕೆಯಂತೆ ಕೇಳಿಸಿತು.

ಮನೆ ಮುಟ್ಟಿದರೆ ಎದುರಿಗೆ ಬಾಗಿಲಲ್ಲಿ ಅತ್ತೆ ನಿಂತಿದ್ದರು! ತಲೆಯ ಮೇಲೆ ಸೆರಗು, ಕೈಯಲ್ಲಿ ನೀರಿನ ತಂಬಿಗೆ. “ಬರ್ರಿ ಅಳಿಯಾಂದ್ರ, ಕುಂದ್ರಿ,” ಅಂದರು. ಮಾವ ಎದ್ದು ಕುರ್ಚಿ ಎಳೆದು ಹಾಕಿದರು. ಉಬ್ಬಿದ ರೊಟ್ಟಿ ಬಂತು, ಬೆಣ್ಣೆ ಬಂತು, ಪುಂಡಿಪಲ್ಯ ಬಂತು. ಎರಡು ದಶಕದ ಬಾಕಿ ಮರ್ಯಾದೆ ಒಂದೇ ತಟ್ಟೆಯಲ್ಲಿ ಬಂದಂತಾಯಿತು. ಎರಡನೆಯ ರೊಟ್ಟಿಯ ಹೊತ್ತಿಗೆ ಅಡುಗೆಮನೆಯಿಂದ ಒಂದು ಸಪ್ಪಳ ಕೇಳಿಸಿತು. ಕಟಂ.

“ಒಳಗ ಯಾರ್ರಿ?” ಎಂದೆ.

“ಶರಣಪ್ಪ,” ಅಂದರು ಮಾವ. “ಮುಂಜಾನೆನೇ ಬಂದಾನ, ಗಾಡಿ ಹಿತ್ತಲದಾಗ ಅದ. ಜಗದೇವಿ ಜಗಳಾಡಿ ಆ ಡಬ್ಬಿ ಮತ್ತ ಕೂಡಿಸ್ಯಾಳ. ಗಾಡಿ ಬಂದದ್ದೇ ಗೊತ್ತಾಗಲಿಲ್ಲ ನೋಡ್ರಿ, ಸೀದಾ ಒಳಗ ಹೋಗಿ ಬುಟ್ಟಿ ಮುಂದ ಕುಂತಾನ, ಎಷ್ಟು ಸಭ್ಯ!”

ಇಪ್ಪತ್ತು ವರ್ಷ ನನ್ನ ಕಾರು ಬಂದದ್ದು ಯಾರಿಗೂ ಗೊತ್ತಾಗಿರಲಿಲ್ಲ. ಅದಕ್ಕೆ ಸಭ್ಯತೆ ಎಂಬ ಹೆಸರಿದೆಯೆಂದು ಯಾರೂ ಹೇಳಿರಲಿಲ್ಲ. ಒಳಗೆ ಅತ್ತೆಯ ದನಿ ಕೇಳಿಸಿತು: “ಶರಣ್ಯಾ, ಬುಟ್ಟ್ಯಾಗ ಇನ್ನೂ ಅವ, ನೀನೇ ತಕ್ಕೊಳಪ್ಪ.” ನಾನು ತಟ್ಟೆ ಹಿಡಿದು ಅಡುಗೆಮನೆಯ ಕಡೆ ಎದ್ದೆ. ಅತ್ತೆ ಗಾಬರಿಯಾಗಿ ಹೊರಗೆ ಬಂದರು.

“ಅಯ್ಯ, ನೀವ್ಯಾಕ ಏಳ್ತೀರಿ? ಕುಂದ್ರಿ, ಕುಂದ್ರಿ. ತಪ್ಪು ನಂದೇ. ನಮಗ ಗಂಡುಮಕ್ಕಳಿಲ್ಲ, ನಿಮ್ಮನ್ನ ಮನಿ ಮಗ ಅಂತ ತಿಳಿದು ಬಿಟ್ಟಿದ್ದೆ, ಏನೇನೋ ಏಕವಚನದಾಗ ಮಾತಾಡ್ದೆ. ನಿಮ್ಮ ಮನಸ್ಸಿಗಿ ಹತ್ತ್ಯದಂತ ಮಹಾದೇವಿ ಹೇಳಿದ್ಲು. ಇನ್ನ ಹಾಂಗ ಆಗಂಗಿಲ್ಲ ಅಳಿಯಾಂದ್ರ.”

ಕಟಂ, ಎಂದಿತು ಒಳಗೆ. ನಾನು ಕೂತೆ. ಅತ್ತೆ ಮೂರನೆಯ ರೊಟ್ಟಿಗೆ ಬೆಣ್ಣೆ ಹಚ್ಚಿದರು.

ಮರುದಿನವೇ ವಾಡಿಗೆ ಹೋದೆ. ನನ್ನನ್ನು ಕಂಡದ್ದೇ ಖಾಜಾಭಾಯಿ ಕಪಾಟಿನಿಂದ ಡಬ್ಬಿ, ಸೈಲೆನ್ಸರು ಎರಡನ್ನೂ ತೆಗೆದರು. ನಾನು ಬರುತ್ತೇನೆಂದು ಎತ್ತಿಟ್ಟಿದ್ದರಂತೆ. ಈಗ ಕಾರು ಮೊದಲಿನಂತೆ ಮೆತ್ತಗೆ ಹೋಗುತ್ತದೆ, ಹಳದಿ ದೀಪವೂ ಆರಿದೆ. ಬಾಗಿಲಿಗೆ ಬಂದರೆ ನಾಯಿ ಏಳುವುದಿಲ್ಲ. ನಾನು ಹೊರಗೇ ಚಪ್ಪಲಿ ಬಿಟ್ಟು, ಕೆಮ್ಮದೆ, ಬರಿಗಾಲಲ್ಲಿ ನೇರವಾಗಿ ಅಡುಗೆಮನೆಗೆ ನುಗ್ಗಲು ನೋಡುತ್ತೇನೆ. ಆದರೂ ಅತ್ತೆಗೆ ಅದು ಹೇಗೋ ಗೊತ್ತಾಗಿಬಿಡುತ್ತದೆ. ಸೆರಗು ತಲೆಯ ಮೇಲೆ ಎಳೆದುಕೊಂಡು, “ಬರ್ರಿ,” ಎಂದು ಕುರ್ಚಿ ತೋರಿಸುತ್ತಾರೆ. ಒಳಗೆ ನೆಲದ ಮೇಲೆ ಕೂತ ಶಿವಶರಣಪ್ಪ ಶೇಂಗಾ ಹಿಂಡಿ ಹಚ್ಚಿಕೊಳ್ಳುತ್ತಿರುತ್ತಾನೆ. ನಾನು ಬಿಸಿರೊಟ್ಟಿ ಮುರಿಯುತ್ತ, ಅವನು ಕಡಿಯುವ ಖಡಕ್ ರೊಟ್ಟಿಗಳನ್ನು ಕಿವಿಗೊಟ್ಟು ಎಣಿಸುತ್ತೇನೆ. ನಿನ್ನೆ ಐದು ತಿಂದ.