ಅತ್ತೆಯವರ ಕಣ್ಣು ಮತ್ತು ಕೀನ್ಯಾದ ಅನುಮತಿ

ವಿಮಾನ ತಪ್ಪಬಹುದಿತ್ತು. ವಿಮಾನ ತಪ್ಪದೆ ನಾವೇ ತಪ್ಪಿ ಬೇರೆ ವಿಮಾನ ಹತ್ತಬಹುದಿತ್ತು. ಶೇಂಗಾ ಚಟ್ನಿಯ ಡಬ್ಬಿ ಒಡೆದು ಮೂರೂ ಪಾಸ್‌ಪೋರ್ಟುಗಳಿಗೆ ಎಣ್ಣೆ ಹತ್ತಬಹುದಿತ್ತು. ಹಳದಿ ಜ್ವರ ಬರಬಾರದೆಂದು ಹಾಕಿಸಿಕೊಂಡ ಸೂಜಿಯಿಂದಲೇ ನನಗೆ ಜ್ವರ ಬರಬಹುದಿತ್ತು. ಅರ್ಜಿಯಲ್ಲಿ ಹುಟ್ಟಿದ ವರ್ಷ ಅದಲುಬದಲಾಗಿ ನಾನು ನಮ್ಮ ಅತ್ತೆಗಿಂತ ಹಿರಿಯನಾಗಬಹುದಿತ್ತು. ಕೀನ್ಯಾದ ಅಧಿಕಾರಿ ಇಂಗ್ಲಿಷಿನಲ್ಲಿ ಏನೋ ಕೇಳಿದಾಗ ನಾನು ಹಾಜರಿ ಕರೆದಾಗ ಹೇಳುವಂತೆ ‘ಪ್ರೆಸೆಂಟ್ ಸರ್’ ಅಂದುಬಿಡಬಹುದಿತ್ತು. ಇವನ್ನೆಲ್ಲ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಂಡಿದ್ದೆ. ಹಾಳೆಯ ಹಿಂಬದಿಗೂ ಪಟ್ಟಿ ಇಳಿದಾಗ ಹೆಂಡತಿ ಗಿರಿಜಾ ಕಸಿದುಕೊಂಡು, “ಇದನ್ನೂ ಝೆರಾಕ್ಸ್ ತಗಿಸೀರೇನ?” ಎಂದಳು. ತೆಗೆಸಿದ್ದೆ. ಹೇಳಲಿಲ್ಲ.

ನವನಗರದವನಿಗೆ ಕೀನ್ಯಾದಲ್ಲಿ ಏನು ಕೆಲಸ ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ. ಗಿರಿಜಾಳ ತಂಗಿ ಸುಮಾ ಅಲ್ಲಿದ್ದಾಳೆ. ಅವಳ ಗಂಡ ಮಂಜುನಾಥ ತೋಟಗಾರಿಕೆ ಓದಿದವನು, ಅಲ್ಲೊಂದು ಗುಲಾಬಿ ತೋಟ ನೋಡಿಕೊಳ್ಳುತ್ತಾನೆ. ಮದುವೆಯಾಗಿ ಒಂಬತ್ತು ವರ್ಷಗಳ ಮೇಲೆ ಸುಮಾ ಬಸುರಿಯಾದಳು. ವಿಮಾನ ಹತ್ತುವ ಹಾಗಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಆಗಬೇಕು. ನಮ್ಮ ಕಡೆ ಕುಬಸವೆಂದರೆ ತವರಿನವರು ಹಸಿರು ಸೀರೆ, ರವಿಕೆಯ ಖಣ ಒಯ್ದು ಮಗಳ ಉಡಿ ತುಂಬಬೇಕು. ಮಗಳು ಬರಲಾಗದಿದ್ದರೆ ತವರೇ ಹೋಗಬೇಕು. ತವರೆಂದರೆ ಇಳಕಲ್ಲಿನಲ್ಲಿರುವ ನಮ್ಮ ಅತ್ತೆ ಗಂಗವ್ವ. ಮಾವನವರು ತೀರಿಕೊಂಡ ಮೇಲೂ ಮಗ್ಗ ಬಿಟ್ಟವರಲ್ಲ. ಅಲ್ಲಿಯೇ ಒಂದು ಸೀರೆ ಕೊಂಡರಾಯಿತಲ್ಲ ಎಂದು ಮಂಜುನಾಥ ಫೋನಿನಲ್ಲಿ ಅಂದದ್ದಕ್ಕೆ, “ಆಕಿ ಕುಬಸಕ್ಕ ಅಂಗಡಿ ಸೀರಿ ಉಡಸೂದಿದ್ರ, ನಾ ಐವತ್ತ ವರ್ಷ ಮಗ್ಗದ ಕುಣ್ಯಾಗ ಯಾಕ ಕಾಲ ಇಳಿಬಿಟ್ಟ ಕುಂತಿದ್ದೆ?” ಎಂದು ಕೇಳಿ, ಅಂದೇ ಮಗ್ಗಕ್ಕೆ ಹಸಿರು ನೂಲಿನ ಹಾಸು ಹೂಡಿದ್ದರು.

ಮಂಜುನಾಥ ಧೈರ್ಯ ಹೇಳಿದ. “ವೀಸಾ ಬ್ಯಾಡ್ರಿ ಅಣ್ಣಾರ. ಬರೂಕಿಂತ ಮೊದಲ ಆನ್‌ಲೈನ್‌ದಾಗ ಒಂದ ಅನುಮತಿ ತಗೊಂಡ್ರ ಮುಗೀತು.” ವೀಸಾ ಬೇಕು ಎಂದಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ‘ನಮ್ಮ ಮನೆಗೆ ಯಾವಾಗ ಬೇಕಾದರೂ ಬರ್ರಿ, ಬರುವಾಗ ಒಂದು ಫೋನ್ ಹಚ್ಚಿ ಬರ್ರಿ’ ಎನ್ನುವ ಬೀಗರ ಮನೆಗೆ ಹೋಗುವಾಗಲೇ ಅಲ್ಲವೇ ಹೆಚ್ಚು ಯೋಚನೆ? ಅದೂ ಅಲ್ಲದೆ ಅರ್ಜಿ ಎಂದರೇನೆಂದು ಬಲ್ಲವನು ನಾನು. ಕಾಲೇಜಿನ ಕಚೇರಿಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಅರ್ಜಿಗಳನ್ನು ತಿರುಗಿಸುತ್ತಾ ಬಂದಿದ್ದೇನೆ. ‘ಭಾವಚಿತ್ರ ಸ್ಪಷ್ಟವಿಲ್ಲ, ಹಿಂತಿರುಗಿಸಿದೆ’ ಎಂದು ಬರೆದು ಸಹಿ ಹಾಕುವುದರಲ್ಲಿ ನನ್ನ ಕೈ ಪಳಗಿದೆ. ಅಷ್ಟು ಜನರ ನಿಟ್ಟುಸಿರು ಎಲ್ಲೋ ಒಂದು ಕಡೆ ಸೇರಿ ನನಗಾಗಿ ಕಾಯುತ್ತಿದೆ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು.

ನನ್ನದೂ ಗಿರಿಜಾಳದೂ ಅರ್ಜಿಗಳು ಒಂದೇ ಪ್ರಯತ್ನಕ್ಕೆ ಸಲ್ಲಿಕೆಯಾದವು. ಅತ್ತೆಯವರದು ಫೋಟೋದ ಹತ್ತಿರ ನಿಂತಿತು. ಅರ್ಜಿ ತುಂಬುವ ಸಲುವಾಗಿಯೇ ಅವರು ನಮ್ಮ ಮನೆಗೆ ಬಂದಿದ್ದರು. ಗಿರಿಜಾ ತಾನು ಕಲಿಸುವ ಹುನಗುಂದದ ಶಾಲೆಗೆ ಹೋಗಿದ್ದಳು. ಸಂಜೆ ಬಂದು ತಾನೇ ತೆಗೆಯುತ್ತೇನೆ ಎಂದಿದ್ದಳು. ಆದರೆ ಬೆಳಕು ಎದುರಿನಿಂದ ಬೀಳಬೇಕು, ಹಿಂದಿನ ಗೋಡೆ ಬಿಳಿ ಇರಬೇಕು ಎಂಬ ಸೂಚನೆಗಳನ್ನೆಲ್ಲ ಓದಿದವನು ನಾನೊಬ್ಬನೇ. ಅತ್ತೆಯವರನ್ನು ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂಡಿಸಿದೆ. ತಲೆಯ ಮೇಲೆ ಸೆರಗು, ಹಣೆಗೆ ವಿಭೂತಿ. ಎರಡೂ ಇರಲಿ, ಮುಖ ಪೂರ್ತಿ ಕಂಡರೆ ಸಾಕು ಎಂದು ಮಂಜುನಾಥ ಹೇಳಿದ್ದ. ಫೋಟೋ ಏರಿಸಿದೆ. ‘ಕಣ್ಣು ಕಾಣಿಸುತ್ತಿಲ್ಲ, ಮತ್ತೊಮ್ಮೆ ಪ್ರಯತ್ನಿಸಿ’ ಎಂಬ ಅರ್ಥದ ಒಂದು ಸಾಲು ಬಂತು.

ಪ್ರಯತ್ನಿಸಿದೆ. ಕಿಟಕಿಯ ಪರದೆ ಸರಿಸಿದೆ, ಟ್ಯೂಬ್‌ಲೈಟ್ ಹಚ್ಚಿದೆ, ಗೋಡೆಯ ಕ್ಯಾಲೆಂಡರ್ ಇಳಿಸಿದೆ. “ಸ್ವಲ್ಪ ಮ್ಯಾಲ ನೋಡ್ರಿ” ಎಂದೆ. ಅತ್ತೆ ಫ್ಯಾನ್ ನೋಡಿದರು. “ಅಷ್ಟ ಮ್ಯಾಲ ಬ್ಯಾಡ್ರಿ” ಎಂದೆ. ನನ್ನ ಚಪ್ಪಲಿ ನೋಡಿದರು. ಹದಿನಾಲ್ಕು ಫೋಟೋ ಆದವು. ಎಲ್ಲದರಲ್ಲೂ ಸೆರಗು ಸೊಗಸಾಗಿ ಬಂದಿತ್ತು, ವಿಭೂತಿ ಹೊಳೆಯುತ್ತಿತ್ತು, ಕಣ್ಣು ಮಾತ್ರ ಇರಲಿಲ್ಲ. ಪಾಸ್‌ಪೋರ್ಟಿನಲ್ಲಿ ಅವೇ ಕಣ್ಣು ಚೆನ್ನಾಗಿ ಅರಳಿವೆ. ಆ ಫೋಟೋ ತೆಗೆದ ದಿನ ನಾನು ಪಾಸ್‌ಪೋರ್ಟ್ ಕಚೇರಿಯ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆ ಎಂಬುದು ನನಗೆ ನೆನಪಾಗಲಿಲ್ಲ. ಅತ್ತೆಯವರಿಗೆ ಕಣ್ಣಿನ ಪೊರೆ ಬಂದಿರಬೇಕು, ಆಪರೇಶನ್ ಆಗಬೇಕು, ಅಷ್ಟರಲ್ಲಿ ಸುಮಾಳಿಗೆ ಹೆರಿಗೆಯೇ ಆಗಿಬಿಡುತ್ತದೆ ಎಂಬಲ್ಲಿಯವರೆಗೆ ನನ್ನ ತಲೆ ಓಡಿತು. ಕುಬಸಕ್ಕೆ ಉಳಿದದ್ದು ಹನ್ನೊಂದು ದಿನ. ಅತ್ತೆ ಗೋಡೆಯ ಕಡೆಗೆ ತಿರುಗಿ, “ನನ್ನ ಸಲುವಾಗಿ ತಡಾ ಆಗೋದ ಬ್ಯಾಡ. ಸೀರಿ ಅಂತೂ ಮುಗದೈತಿ. ಅದನ್ನ ಒಯ್ದ ಕೊಟ್ರ ಸಾಕು” ಎಂದರು. ಸೀರೆಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕುಳಿತಿದ್ದರು.

ನಮ್ಮ ಸೆಕ್ಟರಿನಲ್ಲಿ ಒಂದು ಆನ್‌ಲೈನ್ ಅರ್ಜಿ ಅಂಗಡಿ ಇದೆ. ನಡೆಸುವವರು ರೇಣುಕಾ ಮೇಡಂ. ಪಹಣಿಯಿಂದ ಪಿಂಚಣಿಯವರೆಗೆ ಅವರ ಕೈಯಲ್ಲಿ ಆಗದ ಕೆಲಸವಿಲ್ಲ. ಅತ್ತೆಯವರನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಹದಿನಾಲ್ಕೂ ಫೋಟೋ ತೋರಿಸಿ, ಬೆಳಕಿನ ಕೋನದ ಬಗ್ಗೆ ನನ್ನ ಅಭಿಪ್ರಾಯ ಹೇಳಿ, ನಾನೇ ಫೋನು ಹಿಡಿದು ಹದಿನೈದನೆಯದಕ್ಕೆ ಸಿದ್ಧನಾದೆ. ಮೇಡಂ ನನ್ನನ್ನು ನೋಡಿದರು, ಅತ್ತೆಯವರನ್ನು ನೋಡಿದರು. “ಈ ಅಮ್ಮಾರು ನಿಮಗ ಏನಾಗಬೇಕ್ರಿ ಸರ?”

“ನಮ್ಮ ಅತ್ತೇರು.”

“ಹಂಗಾರ ಫೋನ್ ಇಲ್ಲಿ ಕೊಟ್ಟು ನೀವು ಸ್ವಲ್ಪ ಹೊರಗ ಹೋಗ್ರಿ.”

ಹೊರಗೆ ಬಂದು ಕಟ್ಟೆಯ ಮೇಲೆ ಕೂಡುವಷ್ಟರಲ್ಲಿ ಒಳಗೆ ನಗು ಕೇಳಿಸಿತು. ಅರೆ ನಿಮಿಷದಲ್ಲಿ ಮೇಡಂ ಬಾಗಿಲಿಗೆ ಬಂದು, “ಆತ್ರಿ ಸರ, ತಗೊಂತು” ಎಂದರು. ಪರದೆಯ ಮೇಲೆ ಅತ್ತೆ ನೇರ ನೋಡುತ್ತಿದ್ದರು. ದೊಡ್ಡ, ಸ್ವಲ್ಪ ತುಂಟ ಕಣ್ಣುಗಳು. ಗಿರಿಜಾಳ ಕಣ್ಣು ಎಲ್ಲಿಂದ ಬಂದವೆಂದು ಮದುವೆಯಾದ ಇಪ್ಪತ್ನಾಲ್ಕು ವರ್ಷಗಳ ಮೇಲೆ ಆ ಅಂಗಡಿಯಲ್ಲಿ ನನಗೆ ತಿಳಿಯಿತು. ಇಷ್ಟು ವರ್ಷ ಅತ್ತೆ ನನ್ನೆದುರು ತಲೆಯೆತ್ತಿದವರಲ್ಲ. ‘ಅಳಿಯಂದ್ರಿಗೆ ಹೇಳು, ಚಾ ಆರ್ತೈತಿ’ ಎಂದು ಮಗಳ ಮೂಲಕ, ಮಗಳಿಲ್ಲದಾಗ ಗೋಡೆಯ ಮೂಲಕ ಮಾತಾಡಿದವರು. ಫೋನು ಹಿಡಿದವನು ಅಳಿಯನಾದರೆ ಫೋನು ನೋಡುವುದೂ ಅಳಿಯನ ಮುಖ ನೋಡಿದಂತೆಯೇ. ನನ್ನ ಅಷ್ಟುದ್ದದ ಪಟ್ಟಿಯಲ್ಲಿ ‘ನಾನು’ ಎಂಬ ಅಡಚಣೆಯನ್ನು ಬರೆದುಕೊಂಡಿರಲೇ ಇಲ್ಲ.

ಅನುಮತಿ ನಾಲ್ಕನೆಯ ದಿನ ಬಂತು. ನೈರೋಬಿಯಲ್ಲಿ ಯಾರೋ ಒಬ್ಬರು ಕುರ್ಚಿಯಲ್ಲಿ ಕುಳಿತು, ಇಳಕಲ್ಲಿನ ಸೆರಗಿನೊಳಗಿನ ಆ ಮುಖ ನೋಡಿ, ‘ಬರಲಿ’ ಎಂದು ಒತ್ತಿದ್ದರು. ಅವರ ಹೆಸರು ನನಗೆ ಎಂದೂ ತಿಳಿಯುವುದಿಲ್ಲ. ಆದರೂ ಆ ಅನುಮತಿಯ ಹಾಳೆಯನ್ನು ದೇವರ ಜಗಲಿಯ ಮೇಲಿಟ್ಟು ಅವರಿಗೂ ಒಂದು ಕೈ ಮುಗಿದೆ. ಕಚೇರಿಗೆ ಹೋದವನು ಮಸುಕು ಫೋಟೋದ ಒಂದು ಅರ್ಜಿಯನ್ನು ತಿರುಗಿಸದೆ ಅದನ್ನು ಹಾಕಿದ ಹುಡುಗಿಗೆ ಬೇರೆ ಫೋಟೋ ತಾ ಎಂದು ಫೋನ್ ಮಾಡಿದೆ. ನನಗೇನಾದರೂ ಆಗಿದೆಯೇ ಎಂದು ಸಹೋದ್ಯೋಗಿಗಳು ವಿಚಾರಿಸಿದರು.

ಆಮೇಲೆ ಏನೂ ಕೆಡಲಿಲ್ಲ. ವಿಮಾನ ಸಿಕ್ಕಿತು, ಚಟ್ನಿ ಸೋರಲಿಲ್ಲ. ಐದು ಸೆಟ್ ಝೆರಾಕ್ಸ್ ಹಿಡಿದು ನಿಂತ ನನ್ನನ್ನು ಅಲ್ಲಿಯ ಅಧಿಕಾರಿಣಿ ಏನೂ ಕೇಳಲಿಲ್ಲ. ಅತ್ತೆಯವರ ಸೆರಗು ನೋಡಿ ಚಂದ ಇದೆ ಎಂದರು. ಅತ್ತೆ ಅವರ ಕಣ್ಣಲ್ಲಿ ಕಣ್ಣಿಟ್ಟು ನಕ್ಕರು. ಕುಬಸದ ದಿನ ಸುಮಾ ಹಸಿರು ಸೀರೆ ಉಟ್ಟು ಗುಲಾಬಿಗಳ ನಡುವೆ ಕುಳಿತಳು. ತೋಟದ ಹೆಣ್ಣುಮಕ್ಕಳು ತಮ್ಮ ಭಾಷೆಯಲ್ಲಿ ಹಾಡಿದರು, ಅತ್ತೆ ನಮ್ಮ ಭಾಷೆಯಲ್ಲಿ ಹಾಡಿದರು. ಎಲ್ಲ ಮುಗಿದ ಮೇಲೆ ನನ್ನ ಕಡೆಗೆ ತಿರುಗಿದರು. ನಡುವೆ ಗಿರಿಜಾ ಇರಲಿಲ್ಲ, ಗೋಡೆಯೂ ಇರಲಿಲ್ಲ.

“ಅಳಿಯಂದ್ರ, ಇಷ್ಟ ದೂರ ಕರಕೊಂಡ ಬಂದ್ರಿ. ನಂದೂ ಸುಮಾಂದೂ ಒಂದ ಫೋಟೋ ನೀವ ತಗೀರಿ.”

ತಲೆಯೆತ್ತಿ ನೇರ ನನ್ನನ್ನೇ ನೋಡಿದರು. ನಾನು ಫೋನು ಹಿಡಿದೆ, ಒತ್ತಿದೆ. ಇಪ್ಪತ್ನಾಲ್ಕು ವರ್ಷಗಳ ಗೌರವವನ್ನು ಒಮ್ಮೆಲೇ ಎದುರಿಸಲಾಗದೆ ಒತ್ತುವ ಹೊತ್ತಿಗೆ ತಲೆ ತಗ್ಗಿಸಿಬಿಟ್ಟಿದ್ದೆ. ತಲೆಯ ಜೊತೆಗೆ ಕೈಯೂ ತಗ್ಗಿತ್ತು. ಫೋಟೋದಲ್ಲಿ ಹಸಿರು ಸೀರೆಯ ಅಂಚು ಇದೆ, ತಾಯಿ ಮಗಳ ನಾಲ್ಕು ಪಾದಗಳಿವೆ, ಒಂದು ಮೂಲೆಯಲ್ಲಿ ನನ್ನ ಚಪ್ಪಲಿಯೂ ಇದೆ. ಮುಖ ಇಲ್ಲ.

ಊರಿಗೆ ಬಂದ ಮೇಲೆ ಪೇಢೆ ಕೊಡಲು ರೇಣುಕಾ ಮೇಡಂ ಅಂಗಡಿಗೆ ಹೋಗಿ ಅದನ್ನೂ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, “ಈ ಸಲ ಕಣ್ಣ ತಗ್ಗಿಸಿದವರು ಯಾರ್ರಿ ಸರ?” ಎಂದರು. ‘ಹೊರಗ ಹೋಗ್ರಿ’ ಎಂದು ಅವರು ಹೇಳುವ ಮೊದಲೇ ನಾನು ಹೊರಗೆ ಹೋಗಿ ನಿಂತೆ.