ಸೂರ್ಯ ಮುಳುಗಿದ ಮೇಲೆ ಅಪ್ಪನಿಗೆ ಸಿಟ್ಟಿಲ್ಲ

ಸಿಟ್ಟು ಹೇಳಿ ಕೇಳಿ ಬರುವುದಿಲ್ಲ ಎನ್ನುವವರು ರಾಣೆಬೆನ್ನೂರಿನ ನಮ್ಮ ಮನೆಯನ್ನೊಮ್ಮೆ ನೋಡಬೇಕಿತ್ತು. ಹಲಗೇರಿಯ ಬಸ್ಸು ತಪ್ಪಿದರೂ ನಮ್ಮಲ್ಲಿ ಸಿಟ್ಟಿನ ವೇಳೆ ತಪ್ಪುತ್ತಿರಲಿಲ್ಲ. ಅಪ್ಪ ಆಸ್ಪತ್ರೆಯಲ್ಲಿ ಕಂಪೌಂಡರ್. ಭಾನುವಾರ ನಮ್ಮ ಪುಟ್ಟ ಚರ್ಚಿನಲ್ಲಿ ಮಕ್ಕಳಿಗೆ ಸತ್ಯವೇದದ ಪಾಠ ಹೇಳುವವರು. ಸೂರ್ಯ ಮುಳುಗುವುದರೊಳಗೆ ಸಿಟ್ಟು ತೀರಬೇಕೆಂಬ ಬೈಬಲ್ಲಿನ ಮಾತನ್ನು ಅವರು ಡಾಕ್ಟರರ ಔಷಧಿ ಚೀಟಿಯಂತೆ ಓದಿಕೊಂಡಿದ್ದರು: ಊಟಕ್ಕೆ ಮುಂಚೆ ಎಂದರೆ ಊಟಕ್ಕೆ ಮುಂಚೆ. ಹಗಲೆಲ್ಲ ನನ್ನ ಮೇಲೆ ಗುಡುಗಿದವರು ಸಂಜೆ ಅಂಗಳದಲ್ಲಿ ನಿಂತು ಪಡುವಣ ದಿಕ್ಕು ನೋಡಿ, "ಆತು, ಈಗ ನನಗ ಯಾರ ಮ್ಯಾಲೂ ಸಿಟ್ಟಿಲ್ಲ" ಎಂದು ಒಳಬಂದು ಪ್ರಾರ್ಥನೆಗೆ ಕೂರುತ್ತಿದ್ದರು. ಮರುದಿನ ಹಲ್ಲುಜ್ಜುತ್ತ, ನಿನ್ನೆ ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದಲೇ ಶುರು. "ಮುಳುಗೂದರಾಗ ಬಿಡಬೇಕಂತ ಬರದೈತಿ. ಎದ್ದಮ್ಯಾಲೆ ಏನ್ ಮಾಡಬೇಕಂತ ಬರದಿಲ್ಲಲ್ಲ, ಇವರು ಮತ್ತ ಚಾಲೂ ಮಾಡ್ತಾರ" ಎಂದು ಅವ್ವ ಒಲೆಗೆ ಹೇಳಿಕೊಳ್ಳುತ್ತಿದ್ದಳು. ಮನೆಯಲ್ಲಿ ಎದುರಾಡದೆ ಕೇಳುತ್ತಿದ್ದದ್ದು ಅದೊಂದೇ.

ನಾನೂ ಅಪ್ಪನಿಗೆ ತಕ್ಕ ಮಗ. ಡೈರಿಯಲ್ಲಿ ತಾರೀಖಿನ ಪಕ್ಕ ಗೋಡೆಯ ಕ್ಯಾಲೆಂಡರ್ ನೋಡಿ ಸೂರ್ಯಾಸ್ತದ ವೇಳೆ ಬರೆದಿಡುತ್ತಿದ್ದೆ. ಬಿ.ಕಾಂ. ಫೇಲಾದ ಸುದ್ದಿ ಮಧ್ಯಾಹ್ನವೇ ತಿಳಿದರೂ ಕತ್ತಲಾಗುವವರೆಗೆ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಮಳೆಗಾಲ ಮಾತ್ರ ಕಷ್ಟ. ಮಬ್ಬು ಕವಿಯಿತೆಂದು ಬಾಯಿ ಬಿಟ್ಟರೆ ಅಪ್ಪ, "ಮೋಡದ ಹಿಂದ ಹೊತ್ತು ಇನ್ನೂ ಐತಿ" ಎಂದು ಎದ್ದು ನಿಲ್ಲುತ್ತಿದ್ದರು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಎಂಬತ್ತೆಂಟರಲ್ಲಿ ನನ್ನ ಅಕ್ಕ ಎಸ್ತೇರ್, ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯ ಗುಮಾಸ್ತ ಬಸವರಾಜನನ್ನು ಮದುವೆಯಾದಳು. ಅವನು ನಮ್ಮ ಚರ್ಚಿನ ಸಭೆಯವನಲ್ಲ. ಅಪ್ಪ ಅವಳಿಗೆ ಹೊಸ್ತಿಲು ತೋರಿಸಿ, "ಇನ್ನ ಇದನ್ನ ದಾಟಬ್ಯಾಡ" ಎಂದರು. ಆ ಸಂಜೆಯೂ ಅಂಗಳದಲ್ಲಿ ನಿಂತು ಯಾರ ಮೇಲೂ ಸಿಟ್ಟಿಲ್ಲ ಎಂದರು. ದನಿ ಮಾತ್ರ ಒಡೆದಿತ್ತು.

ಮರುವರ್ಷ ಅಕ್ಕ ಬಸುರಿ ಎಂದು ತಿಳಿಯಿತು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಚೊಚ್ಚಲ ಬಸರಿ. ತವರಮನ್ಯಾಗ ಒಂದ ತುತ್ತು ಉಣಲಿಲ್ಲಂದ್ರ ನಾ ಇದ್ದರೇನು, ಸತ್ತರೇನು?" ಎಂದಳು. ನಾನು ಅಪ್ಪನನ್ನು ಅವರ ಪಾಠದಿಂದಲೇ ಹಿಡಿಯಲು ಹೋದೆ. "ದೇವರು ನೀರಿಗಾಗಿ ಬಂಡೆಗಲ್ಲಿನ ಜೋಡಿ ಮಾತಾಡು ಅಂದ್ರ ಮೋಶೆ ಸಿಟ್ಟಿಲೆ ಅದನ್ನ ಹೊಡದ. ಅದಕ್ಕ ದೇವರು ಕೊಟ್ಟ ನಾಡಿನಾಗ ಕಾಲಿಡಾಕ ಆಗಲಿಲ್ಲ. ನೀವರ ಅಕ್ಕನ ಜೋಡಿ ಒಂದ ಮಾತಾಡ್ರೆಲ್ಲ, ಅಪ್ಪಾ."

"ನಾ ಯಾರಿಗೆ ಹೊಡದೇನಿ?" ಎಂದರು ಅಪ್ಪ. ಅಲ್ಲಿಗೆ ಮೋಶೆಯೂ ಸೋತ.

ಆಗ ನನಗೆ ಹೊಳೆಯಿತು. ಹಗಲಿನ ಅಪ್ಪನನ್ನು ಒಪ್ಪಿಸುವುದೇಕೆ? ಕತ್ತಲಾದ ಮೇಲೆ ಅವರಿಗೆ ಸಿಟ್ಟೇ ಇಲ್ಲವಲ್ಲ! ಶನಿವಾರ ಬ್ಯಾಡಗಿಗೆ ಹೋಗಿ ಅಕ್ಕನನ್ನು ಕರೆದುಕೊಂಡು ಸಂಜೆಯ ಬಸ್ಸು ಹತ್ತಿದೆ. ಎಂದೂ ವೇಳೆಗೆ ಬಾರದ ಆ ಬಸ್ಸು ಅಂದು ಬೇಗ ತಲುಪಿಬಿಟ್ಟಿತು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅವಳನ್ನು ಕೂರಿಸಿ ಬಿಸಿಲು ಇಳಿಯುವುದನ್ನು ಕಾಯತೊಡಗಿದೆ. ಅಕ್ಕ ಬಾತ ಕಾಲು ಚಾಚಿ, "ಲೇ ತಮ್ಮಾ, ಹೊತ್ತು ಮುಳುಗಿದ್ರ ತವರಮನಿ, ಇದ್ರ ಪರದೇಶ ಏನೋ ನನಗ?" ಎಂದಳು. ನಕ್ಕೆ. ಅವಳು ನಗಲಿಲ್ಲ.

ನಾವು ಮನೆ ಮುಟ್ಟಿದಾಗ ಅಪ್ಪ ಆಗತಾನೇ ಅಂಗಳದಿಂದ ಒಳಗೆ ತಿರುಗುತ್ತಿದ್ದರು. ಅಕ್ಕನನ್ನು ನೋಡಿದರು. ಆಕಾಶ ನೋಡಿದರು. ಪಡುವಣದಲ್ಲಿ ಒಂದು ಗೆರೆ ಕೆಂಪೂ ಉಳಿದಿರಲಿಲ್ಲ. "ಬಾ" ಎಂದರು. ಅವ್ವ ಬಿಸಿರೊಟ್ಟಿ, ಪುಂಡಿಪಲ್ಯ ಬಡಿಸಿ, ಮೊದಲ ತುತ್ತನ್ನು ತಾನೇ ಅಕ್ಕನ ಬಾಯಿಗಿಟ್ಟಳು. "ಕಾಲು ಬಾತಾವಲ್ಲ, ಉಪ್ಪು ಕಡಿಮಿ ಮಾಡವಾ" ಎಂದರು ಅಪ್ಪ. ಪ್ರಾರ್ಥನೆಯಲ್ಲಿ ಹುಟ್ಟಲಿರುವ ಕೂಸನ್ನೂ ನೆನೆದರು. ಡೈರಿಯಲ್ಲಿ 'ಗೆದ್ದೆವು' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು ಮಲಗಿದೆ.

ಇನ್ನೂ ಬೆಳಕು ಹರಿದಿರಲಿಲ್ಲ. ಅಪ್ಪನ ಮೆಲುದನಿಗೆ ಎಚ್ಚರವಾಯಿತು. "ಏಳವಾ ಎಸ್ತೇರ್. ಮೊದಲನೇ ಬಸ್ಸಿಗೆ ಹೊತ್ತಾತು. ಬೆಳಕಾತಂದ್ರ..." ಎಂದು ನಿಲ್ಲಿಸಿದರು. ಅಕ್ಕ ಎದ್ದು ಮುಡಿ ಕಟ್ಟಿಕೊಂಡಳು. ಅವ್ವ ಉಳಿದ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಅಪ್ಪ ಅವಳ ಚೀಲ ಹೊತ್ತು, ಅವಳ ನಿಧಾನ ನಡಿಗೆಗೆ ಹೆಜ್ಜೆ ಕೂಡಿಸಿ ಓಣಿ ದಾಟಿದರು.

ಅಪ್ಪ ಮರಳುವಷ್ಟರಲ್ಲಿ ಎದುರುಮನೆಯ ಹಂಚಿನ ಮೇಲೆ ಬಿಸಿಲು ಬಿದ್ದಿತ್ತು. ಕಣ್ಣು ಕೆಂಪಾಗಿದ್ದವು. ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದು, "ಆಕಿ ಹೆಸರು ಈ ಮನ್ಯಾಗ ಯಾರೂ ಎತ್ತಬ್ಯಾಡ್ರಿ" ಎಂದರು.

ಅಂಥ ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ. ಚಹಾದ ಬಟ್ಟಲು ಕುಕ್ಕಿ ಎದ್ದೆ. ಅವ್ವ ಕೈ ಹಿಡಿದು ಜಗ್ಗಿದಳು: "ಬ್ಯಾಡೋ ನನ್ನಪ್ಪಾ. ಸಿಟ್ಟು ಬಿಡು. ದೇವರ ಮಾತು ಕೇಳು."

"ಕೇಳ್ತೇನವ್ವಾ. ಸಂಜೀತನಕಾ ಟೈಮ್ ಐತೆಲ್ಲ" ಎಂದೆ. ದನಿ ಥೇಟ್ ಅಪ್ಪನದೇ ಆಗಿತ್ತು.