ಶ್ಯಾಂಪೂ ಬ್ಯಾಡಗಿಂದನ ಹೋಗೇತಿ

ಸುಳ್ಳು ಹೇಳೂದು ಸಣ್ಣ ಕೆಲಸ ಅಲ್ಲರಿ. ಮಾರಿ ಗಂಭೀರ ಇರಬೇಕು, ನಡುನಡುವ ಒಂದೊಂದು ಖರೇನೂ ಉದುರಿಸಬೇಕು. ಬ್ಯಾಡಗಿ ಪ್ಯಾಟ್ಯಾಗ ಈ ವಿದ್ಯಾದಾಗ ನನ್ನ ಮೀರಸಾಂವ ಇನ್ನೂ ಹುಟ್ಟಿಲ್ಲ. ರಾಣೇಬೆನ್ನೂರಿನ ಅಳಿಯಾ ಇಂಗ್ಲಿಷ್ ಮಾಸ್ತರ ಅಂತ ಗೊತ್ತಾದ ದಿನಾನ ನನ್ನ ನಾಲಿಗಿ ತುರಸಾಕತ್ತಿತ್ತು. "ಕ್ಯಾಟಮರಾನ್ ಅನ್ನೂ ದೋಣಿ ಹೆಸರು ನಮ್ಮ ಹೊಳಿದಂಡಿ ಐರಣಿ ಅಂಬಿಗರು ಇಂಗ್ಲಿಷರಿಗೆ ಕಲಿಸಿದ್ದು" ಅಂದೆ. ಪಾಪ, ಹೋಗಿ ಸಾಲ್ಯಾಗ ಪಾಠಾನ ಮಾಡಿಬಿಟ್ಟ! ಅದು ತಮಿಳರದು ಅಂತ ಹೆಡ್‌ಮಾಸ್ತರು ಎಲ್ಲಾರ ಮುಂದ ತಿದ್ದಿದರಂತ. ಆಮ್ಯಾಲ ನಾ "ಹೊತ್ತು ಮುಳುಗೇತಿ" ಅಂದ್ರೂ ಅಂವ ಕಿಡಕ್ಯಾಗ ಹಣಿಕಿ ನೋಡಾಂವ.

ಮೊದಲ ದೀಪಾವಳಿಗೆ ಬಂದಾಂವ "ಅತ್ತಿಯಾರ, ಶ್ಯಾಂಪೂ ಐತೇನ್ರಿ?" ಅಂದ. ನಾ ಸುಮ್ನಿರಬೇಕಲ್ಲ? "ಅದೂ ನಮ್ಮದ ಶಬ್ದ. ಹಿಂದಿ ಚಾಂಪೋ, ಅಂದ್ರ ತಲಿ ಒತ್ತು ಅಂತ. ಕಾಟ್, ಪೈಜಾಮಾ, ಬಂಗ್ಲೆ, ಚಟ್ನಿ ಎಲ್ಲಾ ನಮ್ಮ ಕಡಿಂದ ಒಯ್ದದ್ದು. ವಾಪಸ್ ಇಸ್ಕೊಂಡ್ರ ಇಂಗ್ಲಿಷರಾಂವ ಅರಿಬಿ ಇಲ್ಲದ ಬಯಲಾಗ ಕುಂತು ಒಣಾ ಬ್ರೆಡ್ ತಿನಬೇಕಾಕ್ಕೈತಿ."

"ಮಾವಾರ, ಐರಣಿ ನೆನಪೈತ್ರಿ" ಅಂದ.

ಪಂದ್ಯಾ ಬಿತ್ತು. ಸೋತಾಂವ ಗೆದ್ದಾಂವನ ತಲಿಗೆ ಎಣ್ಣಿ ತಿಕ್ಕಬೇಕು. ಮಾವ ಹೋಗಿ ಅಳಿಯನ ತಲಿ ತಿಕ್ಕಿದ್ರ ಓಣ್ಯಾಗ ಮಾರಿ ಎತ್ತಿ ಅಡ್ಡಾಡೂದ ಹೆಂಗ್ರಿ? ಆವಾಗ ಮೊಬೈಲ್ ಇದ್ದದ್ದು ಮಿಸ್ಡ್ ಕಾಲ್ ಕೊಡಾಕ ಅಷ್ಟ. ಮಗಳು ಅಟ್ಟದ ಮ್ಯಾಲಿನ ಡಿಕ್ಷನರಿ ಹುಡಕಾಕ ಹೋದ್ಲು. ಅಲ್ಲೀತನಕ ಅಳಿಯಾ ನಕ್ಕೋತ ಅತ್ತಿ ಮಗ್ಗಲ ಕುಂತು ಮೆಣಸಿನಕಾಯಿ ತೊಟ್ಟು ಬಿಡಿಸಿದ. "ಕೈ ತೊಳಕೋರಿ, ಖಾರ ಇರತೈತಿ" ಅಂದ್ಲು ನನ್ನಾಕಿ. "ಏ, ನಮ್ಮ ಬ್ಯಾಡಗಿ ಕಾಯಿ ಬರೇ ಬಣ್ಣ! ಖಾರ ಎಲ್ಲೈತಿ ಅದರಾಗ?" ಅಂತ ನಾನ ಅಂದೆ.

ಡಿಕ್ಷನರಿ ಬಂತು. "ಅಪ್ಪಾ, ಖರೇನ! ಹಿಂದಿ ಶಬ್ದ, ಒತ್ತು ಅಂತ" ಅಂದ್ಲು ಮಗಳು. ಖರೇ ಹೇಳಿ ಗೆದ್ದದ್ದು ಜೀವನದಾಗ ಅದ ಮೊದಲು. ಮಣಿ ಮ್ಯಾಲ ಮಹಾರಾಜನಂಗ ಕುಂತೆ. ಅಳಿಯಾ ಕೈ ತೊಳೀದನ ಎಣ್ಣಿ ಸುರುವಿ ತಿಕ್ಕಿದ ನೋಡ್ರಿ, ಎಣ್ಣಿ ಹಣಿ ಮ್ಯಾಲಿಂದ ಸೀದಾ ಕಣ್ಣಾಗ ಇಳೀತು. ಯವ್ವಾ! ಬರೇ ಬಣ್ಣಲ್ಲರಿ ಅದು!

ಅಂವ ಕಿವ್ಯಾಗ ಸಣ್ಣಕ ಅಂದ, "ಮಾವಾರ, ಈಗ ನಂಬಿದೆ. ಶ್ಯಾಂಪೂ ಬ್ಯಾಡಗಿಂದನ ಹೋಗೇತಿ."

ಬಾಗಲದಾಗ ನಿಂತ ನನ್ನಾಕಿ, ಅಳಿಯನ ಪ್ರೀತಿಗೆ ನನ್ನ ಕಣ್ಣಾಗ ನೀರು ಬಂದಾವು ಅಂತ ತಿಳಕೊಂಡ್ಲು. ಸಂಜಿಗೆ ಹಾವೇರಿ ಬಳಗಕ್ಕೆಲ್ಲಾ ಫೋನ್ ಹೋತು: "ನಮ್ಮನಿಯವರದು ಹೊರಗಷ್ಟ ಚಾಷ್ಟಿ, ಒಳಗ ಬೆಣ್ಣಿ ಮನಸು!" ಈಗೂ ಯಾರರೆ ಆ ಮಾತು ತಗದ್ರ ನಾ ಪಂಚೆದ ತುದಿಲೆ ಕಣ್ಣು ಒರಸ್ಕೋತೇನಿ. ಖರೇ ಹೇಳಿದ್ರ ಏನಾಕ್ಕೈತಿ ಅಂತ ಒಮ್ಮೆ ನೋಡೇನಲ್ರಿ, ಸಾಕು.